ಆ ಡೈರಿ ಇಷ್ಟು ವರ್ಷ ಎಲ್ಲಿತ್ತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು 'ಜ್ಯಾಕ್ ದಿ ರಿಪ್ಪರ್ ಯಾರು ಅಂತ ಕೊನೆಗೂ ಗೊತ್ತಾಯಿತೇ?' ಎಂದು ಕೇಳಿದ್ದರು. 1888ರಲ್ಲಿ ಲಂಡನ್ನಿನಲ್ಲಿ ಐವರು ಹೆಂಗಸರನ್ನು ಕೊಂದು, ಕೊನೆಗೂ ಸಿಗದೇ ಹೋದ ಕೊಲೆಗಾರನಿಗೆ ಬಿದ್ದ ಹೆಸರು ಅದು. ಗೊತ್ತಾಗಿಲ್ಲ ಅಂತ ಬರೆದಿದ್ದೆ. ಅನುಮಾನಕ್ಕೆ ಸಿಕ್ಕವರಲ್ಲಿ ಲಿವರ್‌ಪೂಲಿನ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್ ಕೂಡ ಒಬ್ಬ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಕಟ್ಟುಗಟ್ಟಲೆ ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ, ಮೇಬ್ರಿಕ್ ಬರೆದದ್ದು ಅನ್ನುವ ಒಂದು ಡೈರಿಗೇ.

ಪ್ರಶ್ನೆ: ಈ ಮೇಬ್ರಿಕ್ ಯಾರು? ಮರ್ಯಾದಸ್ಥ ವ್ಯಾಪಾರಿಯ ಮೇಲೆ ಇಂಥ ಅನುಮಾನ ಯಾಕೆ ಬಂತು? (ಶಿವಮೊಗ್ಗದಿಂದ)

ಉತ್ತರ: 1838ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಅಮೆರಿಕದ ಹತ್ತಿ ತರಿಸಿ ಮಾರುವುದು ಅವನ ಕಸುಬು. 1870ರ ದಶಕದಲ್ಲಿ ಅಮೆರಿಕದ ವರ್ಜೀನಿಯಾದ ನಾರ್‌ಫೋಕ್ ಬಂದರಿನಲ್ಲಿ ಒಂದು ಆಫೀಸು ತೆರೆದ. ಅಲ್ಲಿ ಮಲೇರಿಯಾ ಹಿಡಿಯಿತು. ಕ್ವಿನೈನ್ ಕೊಟ್ಟರೂ ಗುಣವಾಗಲಿಲ್ಲ, ಆಮೇಲೆ ಆರ್ಸೆನಿಕ್ ಮತ್ತು ಸ್ಟ್ರಿಕ್ನಿನ್ ಸೇರಿದ ಔಷಧಿ ಕೊಟ್ಟರು. ಆರ್ಸೆನಿಕ್ ಅಂದರೆ ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದ ಅದೇ ವಿಷ. ಆ ಕಾಲದಲ್ಲಿ ಅದನ್ನು ಚೂರೇ ಚೂರು ಬೆರೆಸಿ ಟಾನಿಕ್ ಥರ ಕುಡಿಯುತ್ತಿದ್ದರು. ಜ್ವರ ಹೋಯಿತು, ಚಟ ಮಾತ್ರ ಉಳಿಯಿತು.

1880ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ವಾಪಸ್ ಬರುವಾಗ ಅಲಬಾಮಾದ ಹುಡುಗಿ ಫ್ಲಾರೆನ್ಸ್ ಚಾಂಡ್ಲರ್ ಪರಿಚಯವಾದಳು. ಮರುವರ್ಷ ಲಂಡನ್ನಿನಲ್ಲಿ ಮದುವೆ. ಅವನಿಗೆ 42, ಅವಳಿಗೆ 18. ಇಬ್ಬರು ಮಕ್ಕಳಾದರು. 1888ರಲ್ಲಿ ಲಿವರ್‌ಪೂಲಿನ ಎಗ್‌ಬರ್ತ್ ಎಂಬ ಕಡೆ, ಕ್ರಿಕೆಟ್ ಕ್ಲಬ್ಬಿನ ಹತ್ತಿರ, ಬ್ಯಾಟಲ್‌ಕ್ರೀಸ್ ಹೌಸ್ ಅನ್ನೋ ದೊಡ್ಡ ಮನೆಗೆ ಬಂದರು. ಹೊರಗಿನಿಂದ ನೋಡಿದರೆ ಸುಖದ ಸಂಸಾರ. ಒಳಗೆ ಗಂಡನಿಗೆ ಮೊದಲಿನಿಂದಲೂ ಇನ್ನೊಂದು ಸಂಬಂಧವಿತ್ತು, ಹೆಂಡತಿ ಕೂಡ ಆಲ್ಫ್ರೆಡ್ ಬ್ರೈಯರ್‌ಲಿ ಎಂಬ ಹತ್ತಿ ದಲ್ಲಾಳಿಯ ಕಡೆ ಒಲಿದಿದ್ದಳು. 1889ರ ಮೇ 11ರಂದು ಮೇಬ್ರಿಕ್ ಸತ್ತ. ಗಂಡನಿಗೆ ವಿಷ ಹಾಕಿದಳು ಅಂತ ಫ್ಲಾರೆನ್ಸ್‌ಳನ್ನು ಹಿಡಿದರು. ನೂರು ವರ್ಷ ಮೇಬ್ರಿಕ್ ಹೆಸರು ಜನಕ್ಕೆ ಗೊತ್ತಿದ್ದದ್ದು ಹೀಗೆ: ಕೊಲೆಯಾದವನು ಅಂತ, ಕೊಲೆಗಾರ ಅಂತ ಅಲ್ಲ.

ರಿಪ್ಪರ್ ಕೊಲೆಗಳು ನಡೆದದ್ದು 1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ, ಲಂಡನ್ನಿನ ವೈಟ್‌ಚಾಪೆಲ್ ಸುತ್ತಮುತ್ತ. ಮೇಬ್ರಿಕ್ ಅದಾಗಿ ಆರು ತಿಂಗಳಿಗೆ ಸತ್ತ. 'ಕೊಲೆಗಳು ನಿಂತದ್ದು ಅದಕ್ಕೇ' ಅಂತ ಅವನ ಮೇಲೆ ಅನುಮಾನ ಇರುವವರ ವಾದ. ಐದೂ ಕೊಲೆ ಶುಕ್ರವಾರ, ಶನಿವಾರ, ಭಾನುವಾರಗಳಂದೇ ಆಗಿವೆ, ಅಂದರೆ ಹೊರಗಿನಿಂದ ರಜೆಗೆ ಬಂದವನೇ ಮಾಡಿರಬೇಕು ಅಂತಲೂ ಹೇಳುತ್ತಾರೆ. ಆದರೆ ವಾರವಿಡೀ ದುಡಿದು ರಜೆಯ ರಾತ್ರಿ ಬೀದಿಗೆ ಬರುವವರು ವೈಟ್‌ಚಾಪೆಲ್‌ನಲ್ಲೇ ಸಾವಿರಾರು ಜನ ಇದ್ದರಲ್ಲ.

ಪ್ರಶ್ನೆ: ಆಗಿನ ಪೊಲೀಸರಿಗೆ ಇವನ ಮೇಲೆ ಗುಮಾನಿ ಇತ್ತೇ? ಇಲ್ಲದಿದ್ದರೆ ಈ ಹೆಸರು ಎಲ್ಲಿಂದ ಬಂತು? (ಹುಬ್ಬಳ್ಳಿಯಿಂದ)

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಇರಲಿಲ್ಲ. 1894ರಲ್ಲಿ ಲಂಡನ್ ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ ಬರೆದಿಟ್ಟ ಟಿಪ್ಪಣಿಯಲ್ಲಿ ಮೂರು ಹೆಸರಿವೆ: ಡ್ರೂಯಿಟ್, ಕೊಸ್ಮಿನ್ಸ್ಕಿ, ಆಸ್ಟ್ರಾಗ್. ಮೇಬ್ರಿಕ್ ಇಲ್ಲ. ಅವನ ಹೆಂಡತಿಯ ವಿಚಾರಣೆ ಇಂಗ್ಲೆಂಡಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ರಿಪ್ಪರ್ ಭಯ ಇನ್ನೂ ಹಸಿಯಾಗಿದ್ದ ಕಾಲ ಅದು, ಆದರೂ ಎರಡನ್ನೂ ಯಾರೂ ಸೇರಿಸಿ ನೋಡಲಿಲ್ಲ.

ಹೆಸರು ಬಂದದ್ದು 1992ರಲ್ಲಿ. ಆ ವರ್ಷ ಮಾರ್ಚ್ 9ರಂದು ಲಿವರ್‌ಪೂಲಿನ ಮೈಕೆಲ್ ಬ್ಯಾರೆಟ್, ಹಿಂದೆ ಗುಜರಿ ವ್ಯಾಪಾರ ಮಾಡಿದ್ದವನು, ಲಂಡನ್ನಿನ ಪ್ರಕಟಣಾ ಏಜೆನ್ಸಿಯೊಂದಕ್ಕೆ ಬೇರೆ ಹೆಸರು ಹೇಳಿ ಫೋನ್ ಮಾಡಿದ. ನನ್ನ ಹತ್ತಿರ ಜ್ಯಾಕ್ ದಿ ರಿಪ್ಪರ್‌ನ ಡೈರಿ ಇದೆ ಅಂದ. ಏಪ್ರಿಲ್ 13ಕ್ಕೆ ಅದನ್ನು ಹಿಡಿದುಕೊಂಡು ಹೋದ. ಫೋಟೋ ಅಂಟಿಸುವಂಥ ವಿಕ್ಟೋರಿಯಾ ಕಾಲದ ಒಂದು ಹಳೇ ಆಲ್ಬಮ್. ಮೊದಲ ಹಾಳೆಗಳನ್ನು ಚಾಕುವಿನಿಂದ ಕತ್ತರಿಸಿ ತೆಗೆದಿದ್ದಾರೆ. ಉಳಿದ 63 ಪುಟಗಳಲ್ಲಿ ಕೈಬರಹ. ಕೊನೆಯಲ್ಲಿ 'ಜ್ಯಾಕ್ ದಿ ರಿಪ್ಪರ್' ಅಂತ ಸಹಿ, 1889ರ ಮೇ 3ರ ತಾರೀಕು. ಮೇಬ್ರಿಕ್ ಅಂತ ಪೂರ್ತಿ ಹೆಸರು ಎಲ್ಲೂ ಇಲ್ಲ. ಆದರೆ ಬ್ಯಾಟಲ್‌ಕ್ರೀಸ್ ಇದೆ, ಹೆಂಡತಿಯ ಮುದ್ದಿನ ಹೆಸರಿದೆ, ಮಕ್ಕಳಿದ್ದಾರೆ. ಹೆಂಡತಿಯ ಮೇಲಿನ ಸಿಟ್ಟನ್ನು ವೈಟ್‌ಚಾಪೆಲ್‌ನ ಬಡ ಹೆಂಗಸರ ಮೇಲೆ ತೀರಿಸಿಕೊಂಡೆ ಅನ್ನೋದು ಅದರ ಕಥೆ.

ಯಾರು ಕೊಟ್ಟರು ಅಂದರೆ, ಪಬ್ಬಿನಲ್ಲಿ ಪರಿಚಯವಾದ ಗೆಳೆಯ ಅಂದ ಬ್ಯಾರೆಟ್. ಆ ಗೆಳೆಯ 1991ರಲ್ಲೇ ತೀರಿಕೊಂಡಿದ್ದ. 1994ರ ಜೂನ್‌ನಲ್ಲಿ ಬ್ಯಾರೆಟ್ ಪತ್ರಿಕೆಯವರ ಮುಂದೆ 'ನಾನೇ ಬರೆದದ್ದು' ಅಂದ. ಆಮೇಲೆ ಅಲ್ಲ ಅಂದ. ಅವನ ಹೆಂಡತಿ, ಅದು ನಮ್ಮ ತವರಿನಲ್ಲಿ ಎಷ್ಟೋ ವರ್ಷದಿಂದ ಇತ್ತು, ನಾನೇ ಆ ಗೆಳೆಯನ ಕೈಯಿಂದ ಗಂಡನಿಗೆ ಕೊಡಿಸಿದೆ ಅಂದಳು. 1995ರ ಜನವರಿಯಲ್ಲಿ ಬ್ಯಾರೆಟ್ ಅಫಿಡವಿಟ್ಟನ್ನೇ ಮಾಡಿಸಿದ: ಹರಾಜಿನಲ್ಲಿ ಆಲ್ಬಮ್ ಕೊಂಡೆ, ನಾನು ಹೇಳಿದೆ, ಹೆಂಡತಿ ಬರೆದಳು ಅಂತ. ಅದನ್ನೂ ಮುಂದೆ ವಾಪಸ್ ತೆಗೆದುಕೊಂಡ. 2017ರಲ್ಲಿ ಬಂದ ಹೊಸ ಕಥೆ ಇನ್ನೊಂದು. 1992ರ ಮಾರ್ಚ್ 9ರಂದೇ ಬ್ಯಾಟಲ್‌ಕ್ರೀಸ್ ಮನೆಯಲ್ಲಿ ವೈರಿಂಗ್ ಕೆಲಸ ನಡೆದಿತ್ತು, ನೆಲದ ಹಲಗೆ ಎತ್ತಿದಾಗ ಎಲೆಕ್ಟ್ರಿಷಿಯನ್‌ಗಳಿಗೆ ಸಿಕ್ಕಿತು ಅಂತ. ಅವತ್ತು ಅಲ್ಲಿ ಕೆಲಸ ನಡೆದದ್ದಕ್ಕೆ ದಾಖಲೆ ಇದೆ. ಡೈರಿ ಸಿಕ್ಕಿದ್ದಕ್ಕೆ ಇಲ್ಲ.

ನಾನು ಇಪ್ಪತ್ತಾರು ವರ್ಷ ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿದವನು. ಒಂದು ಪಾಲಿನ ಕೇಸಿನಲ್ಲಿ ಅಜ್ಜ ಸತ್ತು ಹನ್ನೊಂದು ವರ್ಷವಾದ ಮೇಲೆ ಒಬ್ಬ ಮೊಮ್ಮಗ ಅಜ್ಜನ ಉಯಿಲು ಅಂತ ಒಂದನ್ನು ತಂದ. ಕಾಗದ ಹಳದಿಯಾಗಿತ್ತು, ಮಡಿಕೆ ಹರಿದಿತ್ತು, ನೋಡಿದರೆ ನಂಬಬೇಕು ಅನ್ನಿಸುವ ಹಾಗಿತ್ತು. ಜಡ್ಜ್ ಸಾಹೇಬರು ಕಾಗದ ತಿರುವಿಯೂ ನೋಡದೆ ಕೇಳಿದ್ದು ಒಂದೇ: "ಇಷ್ಟು ವರ್ಷ ಇದು ಯಾರ ಹತ್ತಿರ ಇತ್ತಪ್ಪಾ?" ಸೋದರತ್ತೆ ಕೊಟ್ಟಳು ಅಂದ. ಅತ್ತೆ ತೀರಿಕೊಂಡಿದ್ದಳು. ಮುಂದಿನ ತಾರೀಕಿಗೆ ಅಟ್ಟದಲ್ಲಿ ಸಿಕ್ಕಿತು ಅಂದ. ಕೇಸು ಅಲ್ಲೇ ಬಿತ್ತು. ಬ್ಯಾರೆಟ್ ಕಥೆ ಓದಿದಾಗೆಲ್ಲ ನನಗೆ ಆ ಹುಡುಗನ ಮುಖವೇ ಕಣ್ಣಿಗೆ ಬರುತ್ತದೆ.

ಪ್ರಶ್ನೆ: ಯಾರು ಏನೇ ಹೇಳಲಿ, ಶಾಯಿ, ಕಾಗದ, ಕೈಬರಹ ಪರೀಕ್ಷೆ ಮಾಡಿದರೆ ಗೊತ್ತಾಗುವುದಿಲ್ಲವೇ? (ಮೈಸೂರಿನಿಂದ)

ಉತ್ತರ: ಕಾಗದ ಹಳೆಯದೇ. ಅದರಲ್ಲಿ ತಕರಾರಿಲ್ಲ. ಹಳೇ ಕಾಗದ ದುಡ್ಡು ಕೊಟ್ಟರೆ ಸಿಗುತ್ತದೆ. ಶಾಯಿಯದ್ದೇ ಗೋಜಲು. ಒಂದು ಪ್ರಯೋಗಾಲಯ ಈಚಿನ ಶಾಯಿಗಳಿಗೆ ಹಾಕುವ ಕ್ಲೋರೋಅಸಿಟಮೈಡ್ ಸಿಕ್ಕಿತು ಅಂದರೆ, ಇನ್ನೊಂದು ಕಡೆಯ ಫಲಿತಾಂಶ ಅದಕ್ಕೆ ಹೊಂದಲಿಲ್ಲ. ಇವತ್ತಿಗೂ ಎರಡೂ ಕಡೆಯವರು ತಮಗೆ ಬೇಕಾದ ವರದಿಯನ್ನೇ ಎತ್ತಿ ತೋರಿಸುತ್ತಾರೆ.

ಕೈಬರಹ ಮಾತ್ರ ಸ್ಪಷ್ಟ. ಮೇಬ್ರಿಕ್ ಸಾಯುವ ಮೊದಲು ಬರೆದ ಉಯಿಲು ಇದೆ, ಮದುವೆ ದಾಖಲೆಯಲ್ಲಿ ಅವನ ಸಹಿ ಇದೆ. ಡೈರಿಯ ಬರಹ ಅದಕ್ಕೆ ಹೊಂದುವುದಿಲ್ಲ. 1993ರಲ್ಲಿ ಅಮೆರಿಕದ ಕೈಬರಹ ತಜ್ಞ ಕೆನೆತ್ ರೆಂಡೆಲ್ ಇದು ನಕಲಿ ಅಂತ ವರದಿ ಕೊಟ್ಟರು. ಡೈರಿಯನ್ನು ಪುಸ್ತಕವಾಗಿ ತರಲು ಹೊರಟಿದ್ದ ಅಲ್ಲಿನ ದೊಡ್ಡ ಪ್ರಕಾಶಕರು ಹಿಂದೆ ಸರಿದರು. ಬೇರೆಯವರ ಕೈಯಿಂದ ಅದು ಹೊರಗೆ ಬಂತು, ಚೆನ್ನಾಗಿ ಮಾರಾಟವೂ ಆಯಿತು.

ನನಗೆ ಶಾಯಿಗಿಂತ ಮಾತೇ ದೊಡ್ಡ ಸಾಕ್ಷಿ ಅನ್ನಿಸುತ್ತದೆ. ಒಂದು ಮಾತು ಯಾವ ಕಾಲದ್ದು ಅಂತ ಓದುವವರಿಗೆ ತಿಳಿಯುತ್ತದೆ, ಅಲ್ವಾ? 1889ರ ಕನ್ನಡ ಪತ್ರದಲ್ಲಿ 'ಟೆನ್ಷನ್ ಮಾಡ್ಕೋಬೇಡ' ಅಂತ ಇದ್ದರೆ ನೀವು ಮುಂದೆ ಓದುತ್ತೀರಾ? ಈ ಡೈರಿಯಲ್ಲಿ 'ಒನ್ ಆಫ್' ಅಂತ ಒಂದು ಪ್ರಯೋಗವಿದೆ, ಒಂದೇ ಸಲದ್ದು ಅನ್ನೋ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಅದು ಬಳಕೆಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. 'ಪೋಸ್ಟ್ ಹೌಸ್' ಅನ್ನೋ ಪಬ್ಬಿನ ಮಾತು ಬರುತ್ತದೆ. ಲಿವರ್‌ಪೂಲಿನಲ್ಲಿ ಆ ಹೆಸರಿನ ಪಬ್ಬು ಇದೆ, ಆದರೆ ಅದಕ್ಕೆ ಆ ಹೆಸರು ಬಂದದ್ದು 1960ರ ದಶಕದಲ್ಲಿ. ಮೇಬ್ರಿಕ್ ಕಾಲದಲ್ಲಿ ಬೇರೆ ಪಬ್ಬಿಗೆ ಹಾಗೆ ಕರೆಯುತ್ತಿದ್ದರು ಅಂತ ಡೈರಿಯ ಪರ ಇರುವವರು ಉತ್ತರ ಕೊಡುತ್ತಾರೆ. ಇನ್ನೊಂದು: ಕೊಲೆಯಾದ ಐವರಲ್ಲಿ ಒಬ್ಬಳಾದ ಕ್ಯಾಥರಿನ್ ಎಡೋಸ್ ಹತ್ತಿರ ಸಿಕ್ಕ ಸಾಮಾನಿನ ಪೊಲೀಸ್ ಪಟ್ಟಿಯಲ್ಲಿ 'ತಗಡಿನ ಬೆಂಕಿಪೆಟ್ಟಿಗೆ, ಖಾಲಿ' ಅಂತಿದೆ. ಆ ಪಟ್ಟಿ ಪುಸ್ತಕಗಳಲ್ಲಿ ಅಚ್ಚಾದದ್ದು 1980ರ ದಶಕದಲ್ಲಿ. ಡೈರಿಯಲ್ಲಿ ಅದು ಪಟ್ಟಿಯ ಮಾತಿನಲ್ಲೇ ಇದೆ, 'ಖಾಲಿ' ಕೊನೆಗೇ ಬಂದಿದೆ. ಕೊಂದವನು ಅದನ್ನು ತನ್ನ ಮಾತಿನಲ್ಲಿ ಬರೆಯುತ್ತಾನೆ. ಪಟ್ಟಿ ನೋಡಿದವನು ಪಟ್ಟಿಯ ಹಾಗೆ ಬರೆಯುತ್ತಾನೆ.

ಇನ್ನೊಂದು ವಿಷಯಕ್ಕೆ ಉತ್ತರ ಹೇಳುವುದು ಡೈರಿ ನಂಬುವವರಿಗೂ ಕಷ್ಟ. ಬ್ಯಾರೆಟ್ ಆ ಫೋನ್ ಮಾಡಿದ ಮೇಲೆ, ಡೈರಿ ತೋರಿಸುವ ಮೊದಲು, ಅಂದರೆ 1992ರ ಮಾರ್ಚ್‌ನಲ್ಲೇ, 1880ರಿಂದ 1890ರ ಒಳಗಿನ ಒಂದು ಡೈರಿ ಬೇಕು, ಕನಿಷ್ಠ ಇಪ್ಪತ್ತು ಖಾಲಿ ಹಾಳೆ ಇರಬೇಕು ಅಂತ ಹಳೇ ಪುಸ್ತಕದ ವ್ಯಾಪಾರಿಯ ಮೂಲಕ ಹುಡುಕಿಸಿದ್ದ. ಸಿಕ್ಕಿದ್ದು 1891ರ ಸಣ್ಣ ಡೈರಿ, ಕೆಲಸಕ್ಕೆ ಬಾರದ್ದು. ಕೈಯಲ್ಲಿ ಅಸಲಿ ಡೈರಿ ಇದ್ದವನಿಗೆ ಖಾಲಿ ಹಾಳೆಯ ಹಳೇ ಡೈರಿ ಯಾಕೆ ಬೇಕಿತ್ತು?

ಪ್ರಶ್ನೆ: ಒಂದು ಚಿನ್ನದ ಗಡಿಯಾರದ ಮೇಲೆ ಅವನೇ ಕೊಲೆಗಾರ ಅಂತ ಕೆತ್ತಿದೆಯಂತೆ, ನಿಜವೇ? (ಬೆಳಗಾವಿಯಿಂದ)

ಉತ್ತರ: ಜೇಬಿನ ಗಡಿಯಾರ. ಡೈರಿಯ ಸುದ್ದಿ ಹರಡಿದ ಮೇಲೆ 1993ರಲ್ಲಿ ಹೊರಗೆ ಬಂತು. ಒಳಗಿನ ಮುಚ್ಚಳದಲ್ಲಿ ಜೆ. ಮೇಬ್ರಿಕ್ ಅಂತ ಸಹಿ, 'ನಾನೇ ಜ್ಯಾಕ್' ಅನ್ನೋ ಮಾತು, ಸತ್ತ ಐದು ಜನರ ಹೆಸರಿನ ಮೊದಲ ಅಕ್ಷರಗಳು ಸಣ್ಣದಾಗಿ ಗೀಚಿವೆ. ಇಬ್ಬರು ವಿಜ್ಞಾನಿಗಳು ಮೈಕ್ರೋಸ್ಕೋಪಿನಲ್ಲಿ ನೋಡಿ, ಗೀರುಗಳು ಹತ್ತಾರು ವರ್ಷ ಹಳೆಯವು ಇರಬಹುದು ಅಂದರು. ಖಚಿತವಾಗಿ ಹೇಳಲು ಇನ್ನಷ್ಟು ಕೆಲಸ ಆಗಬೇಕು ಅಂತಲೂ ಸೇರಿಸಿದರು. ಡೈರಿಗಿಂತ ಇದಕ್ಕೆ ತೂಕ ಜಾಸ್ತಿ ಅಂತ ನಾನು ಒಪ್ಪುತ್ತೇನೆ. ಆದರೆ ಗೀರು ಹಳೆಯದಾದರೂ ಗೀಚಿದವನು ಮೇಬ್ರಿಕ್ ಅಂತ ಆಗುವುದಿಲ್ಲ.

ಪ್ರಶ್ನೆ: ಸರ್, ನಾನು ಕಾನೂನು ವಿದ್ಯಾರ್ಥಿನಿ. ಮೇಬ್ರಿಕ್ ಹೆಂಡತಿಗೆ ಗಲ್ಲು ವಿಧಿಸಿದ ನ್ಯಾಯಾಧೀಶರೇ ನಮ್ಮ ಎವಿಡೆನ್ಸ್ ಆಕ್ಟ್ ಬರೆದವರು ಅಂತ ನಮ್ಮ ಮೇಡಂ ಹೇಳಿದರು. ಹೌದಾ? (ದಾವಣಗೆರೆಯಿಂದ)

ಉತ್ತರ: ಹೌದಮ್ಮಾ. ಈ ಪ್ರಶ್ನೆ ಬಂದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಅವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. 1869ರಿಂದ 1872ರವರೆಗೆ ವೈಸರಾಯ್ ಕೌನ್ಸಿಲ್‌ನ ಕಾನೂನು ಸದಸ್ಯರಾಗಿ ಇಂಡಿಯಾದಲ್ಲಿದ್ದರು. 1872ರ ಎವಿಡೆನ್ಸ್ ಆಕ್ಟ್ ಅವರದೇ ಕರಡು. 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಬರುವವರೆಗೂ, ನೂರೈವತ್ತು ವರ್ಷಕ್ಕಿಂತ ಜಾಸ್ತಿ, ಈ ದೇಶದ ಪ್ರತಿ ಕೋರ್ಟಿನಲ್ಲೂ ನಾವು ವಾದ ಮಾಡಿದ್ದು ಅದರ ಮೇಲೆಯೇ.

ಅದರ 90ನೇ ಕಲಮನ್ನು ತೆಗೆದು ಓದಿ. ಮೂವತ್ತು ವರ್ಷ ಹಳೆಯ ದಾಖಲೆ 'ಸರಿಯಾದ ಸುಪರ್ದಿ'ಯಿಂದ ಬಂದಿದ್ದರೆ ಅದರ ಸಹಿ, ಬರಹ ಅಸಲಿ ಅಂತ ಕೋರ್ಟು ಭಾವಿಸಬಹುದು. ಸರಿಯಾದ ಸುಪರ್ದಿ ಅಂದರೆ, ಸಹಜವಾಗಿ ಎಲ್ಲಿ ಇರಬೇಕೋ, ಯಾರ ಹತ್ತಿರ ಇರಬೇಕೋ, ಅಲ್ಲಿ ಇರುವುದು. ಜಮೀನು ಉಳುತ್ತಾ ಬಂದವನ ಪೆಟ್ಟಿಗೆಯಲ್ಲಿ ಆ ಜಮೀನಿನ ಪತ್ರ ಇದ್ದ ಹಾಗೆ. ಹೊಸ ಕಾನೂನಿನಲ್ಲೂ ಈ ನಿಯಮ ಹಾಗೇ ಉಳಿದಿದೆ. ಮೇಬ್ರಿಕ್ ಡೈರಿಯನ್ನು ಈ ಕಲಮಿಗೆ ಹಚ್ಚಿ ನೋಡಿ. ಪಬ್ಬಿನ ಗೆಳೆಯ, ಹೆಂಡತಿಯ ತವರು, ಹರಾಜು, ನೆಲದ ಹಲಗೆ. ನಾಲ್ಕು ಸುಪರ್ದಿ, ಒಂದಕ್ಕೂ ಪುರಾವೆ ಇಲ್ಲ. ಮೇಬ್ರಿಕ್ ಪ್ರಕರಣದ ಜಡ್ಜ್ ಬರೆದ ನಿಯಮದಲ್ಲೇ ಮೇಬ್ರಿಕ್ ಡೈರಿ ಬಿದ್ದುಹೋಗುತ್ತದೆ.

ಇಷ್ಟು ಒಳ್ಳೆ ಕಾನೂನು ಬರೆದವರು ಆ ವಿಚಾರಣೆಯನ್ನು ಹೇಗೆ ನಡೆಸಿದರು ಅನ್ನೋದು ನನಗೆ ಇವತ್ತಿಗೂ ಸಂಕಟದ ವಿಷಯ. 1885ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. 1889ರ ಜುಲೈ 31ಕ್ಕೆ ಲಿವರ್‌ಪೂಲಿನ ಸೇಂಟ್ ಜಾರ್ಜ್ ಹಾಲ್‌ನಲ್ಲಿ ವಿಚಾರಣೆ ಶುರುವಾಯಿತು. ಕೊನೆಗೆ ಜ್ಯೂರಿಗೆ, ಅಂದರೆ ತಪ್ಪಿತಸ್ಥರೋ ಅಲ್ಲವೋ ಅಂತ ಹೇಳುವ ಸಾಮಾನ್ಯ ನಾಗರಿಕರಿಗೆ, ಕೇಸನ್ನು ವಿವರಿಸಲು ಅವರು ಎರಡು ದಿನ ತೆಗೆದುಕೊಂಡರು. ಅದರಲ್ಲಿ ವಿಷದಷ್ಟೇ ಫ್ಲಾರೆನ್ಸ್‌ಳ ನಡತೆಯ ಮಾತೂ ಬಂತು. ಗಂಡನಿಗೆ ಮೋಸ ಮಾಡಿದವಳು ಕೊಲ್ಲಲೂಬಹುದು ಅನ್ನೋ ಹಾಗೆ. ಜ್ಯೂರಿ ಮುಕ್ಕಾಲು ಗಂಟೆಯೂ ತೆಗೆದುಕೊಳ್ಳದೆ ತಪ್ಪಿತಸ್ಥೆ ಅಂದಿತು. 1891ರಲ್ಲಿ ಸ್ಟೀಫನ್ ಅನಾರೋಗ್ಯದಿಂದ ನ್ಯಾಯಾಧೀಶ ಹುದ್ದೆ ಬಿಟ್ಟರು.

ಇನ್ನೊಂದು ವಿಷಯ ನಿಮ್ಮ ಮೇಡಂಗೂ ಹೇಳಿ. ಸ್ಟೀಫನ್ ಅವರ ಮಗ ಜೆ. ಕೆ. ಸ್ಟೀಫನ್ ಕವಿ, 1892ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. 1972ರಲ್ಲಿ ಅವನನ್ನೂ ಜ್ಯಾಕ್ ದಿ ರಿಪ್ಪರ್ ಅಂದರು. ಅದಕ್ಕೂ ಪುರಾವೆ ಇಲ್ಲ.

ಪ್ರಶ್ನೆ: ಹಾಗಾದರೆ ಫ್ಲಾರೆನ್ಸ್ ನಿಜವಾಗಿ ವಿಷ ಹಾಕಿದಳೋ ಇಲ್ಲವೋ? (ಉಡುಪಿಯಿಂದ)

ಉತ್ತರ: ಅವಳ ವಿರುದ್ಧ ಇದ್ದದ್ದನ್ನು ಮೊದಲು ಹೇಳುತ್ತೇನೆ. 1889ರ ಏಪ್ರಿಲ್‌ನಲ್ಲಿ ನೊಣ ಕೊಲ್ಲುವ ಕಾಗದ ಕೊಂಡಳು. ಆಗ ಅದರಲ್ಲಿ ಆರ್ಸೆನಿಕ್ ಇರುತ್ತಿತ್ತು. ಅದನ್ನು ಬೋಗುಣಿಯಲ್ಲಿ ನೀರು ಹಾಕಿ ನೆನೆಸಿಟ್ಟದ್ದನ್ನು ಮನೆಯ ಕೆಲಸದವರು ನೋಡಿದರು. ಏಪ್ರಿಲ್ ಕೊನೆಯಲ್ಲಿ ಗಂಡ ಹಾಸಿಗೆ ಹಿಡಿದ. ಮೇ 8ರಂದು ಆ ಹತ್ತಿ ದಲ್ಲಾಳಿ ಬ್ರೈಯರ್‌ಲಿಗೆ ಬರೆದ ಪತ್ರವನ್ನು ಟಪಾಲಿಗೆ ಹಾಕಲು ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಲಿಸ್ ಯಾಪ್ ಕೈಗೆ ಕೊಟ್ಟಳು. ಪತ್ರ ಕೆಸರಿಗೆ ಬಿತ್ತು, ಲಕೋಟೆ ಬದಲಿಸಲು ಒಡೆದೆ ಅಂತ ಆಯಾ ಹೇಳಿದಳು. ಗಂಡ ಸಾಯುವ ಸ್ಥಿತಿಯಲ್ಲಿದ್ದಾನೆ ಅಂತ ಅದರಲ್ಲಿತ್ತು. ಪತ್ರ ಮೈದುನನ ಕೈಗೆ ಹೋಯಿತು. ರೋಗಿಗೆ ಕೊಡುವ ಮಾಂಸದ ರಸದ ಬಾಟಲಿಯಲ್ಲಿ ಆರ್ಸೆನಿಕ್ ಸಿಕ್ಕಿತು.

ಇನ್ನು ಇನ್ನೊಂದು ಕಡೆ. ಲಿವರ್‌ಪೂಲಿನ ಔಷಧಿ ಅಂಗಡಿಯ ಎಡ್ವಿನ್ ಹೀಟನ್, ಮೇಬ್ರಿಕ್ ನನ್ನ ಅಂಗಡಿಗೆ ದಿನಕ್ಕೆ ಐದು ಸಲದವರೆಗೂ ಬಂದು ಆರ್ಸೆನಿಕ್ ಹಾಕಿದ ಟಾನಿಕ್ ಕುಡಿಯುತ್ತಿದ್ದ ಅಂತ ಸಾಕ್ಷಿ ಹೇಳಿದ. ದೊಡ್ಡ ಡಾಕ್ಟರುಗಳೇ ಎರಡು ಪಾಲಾದರು. ಒಬ್ಬರು ಆರ್ಸೆನಿಕ್‌ನಿಂದ ಸತ್ತ ಅಂದರೆ, ಇನ್ನೊಬ್ಬರು ಹೊಟ್ಟೆ ಕರುಳಿನ ಉರಿಯೂತ ಅಂದರು. ನೊಣದ ಕಾಗದ ಮುಖಕ್ಕೆ ಹಚ್ಚುವ ನೀರಿಗೆ ಅಂದಳು ಫ್ಲಾರೆನ್ಸ್. ಆ ಕಾಲದ ಹೆಂಗಸರು ಹಾಗೆ ಬಳಸುತ್ತಿದ್ದದ್ದು ನಿಜ. ಮಾಂಸದ ರಸಕ್ಕೆ ಪುಡಿ ಹಾಕು ಅಂತ ಗಂಡನೇ ಗೋಗರೆದ, ಹಾಕಿದೆ ಅಂತಲೂ ತಾನಾಗಿ ಹೇಳಿದಳು. ಆಗಿನ ಇಂಗ್ಲೆಂಡಿನಲ್ಲಿ ಆರೋಪಿ ಪ್ರಮಾಣ ಮಾಡಿ ಸಾಕ್ಷಿ ಹೇಳುವ ಹಾಗಿರಲಿಲ್ಲ. ಆ ಹಕ್ಕು ಎಲ್ಲರಿಗೂ ಸಿಕ್ಕಿದ್ದು 1898ರಲ್ಲಿ. ಸುಮ್ನೆ ಒಂದು ಹೇಳಿಕೆ ಓದಿ ಕೂರಬೇಕಿತ್ತು. ಅವಳಿಗೆ ಆಗ 26 ವರ್ಷ. ಮೇಲ್ಮನವಿಗೆ ಕೋರ್ಟೇ ಇರಲಿಲ್ಲ, ಅದು ಬಂದದ್ದು 1907ರ ಕಾಯ್ದೆಯಿಂದ.

ಗಲ್ಲಿನ ಶಿಕ್ಷೆ ಆಗಸ್ಟ್ 22ರಂದು ಜೀವಾವಧಿಯಾಯಿತು. ಗೃಹಮಂತ್ರಿ ಕೊಟ್ಟ ಕಾರಣ ಕೇಳಿ: ಕೊಲ್ಲಲು ವಿಷ ಕೊಟ್ಟಳು, ಆದರೆ ಆ ವಿಷದಿಂದಲೇ ಸತ್ತನೋ ಎಂಬುದರಲ್ಲಿ ಸಮಂಜಸವಾದ ಸಂಶಯವಿದೆ. ಕೊಲೆ ಆಯಿತೋ ಇಲ್ಲವೋ ಅನ್ನುವುದರಲ್ಲೇ ಸಂಶಯ ಇದ್ದರೆ ಕೊಲೆಯ ಶಿಕ್ಷೆ ಹೇಗೆ ನಿಲ್ಲುತ್ತದೆ? ಅವಳು ನಿರಪರಾಧಿ ಅಂತ ನಾನು ಆಣೆ ಮಾಡುವುದಿಲ್ಲ. ಆರೋಪ ರುಜುವಾಗಲಿಲ್ಲ ಅಂತ ಮಾತ್ರ ಖಂಡಿತ ಹೇಳುತ್ತೇನೆ. ಗಂಡನ ವಿಷಯದಲ್ಲೂ ನಾನು ಹೇಳುವುದು ಇದನ್ನೇ. ಅವನು ಒಳ್ಳೆ ಗಂಡ ಆಗಿರಲಿಲ್ಲ. ಅದರಿಂದ ಅವನು ರಿಪ್ಪರ್ ಆಗುವುದಿಲ್ಲ.

ಪ್ರಶ್ನೆ: ಲಿವರ್‌ಪೂಲಿನ ಹತ್ತಿ ಅಂದಾಗ ನಮ್ಮ ಕಡೆಯ ಹತ್ತಿ ನೆನಪಾಯಿತು. ಮೇಬ್ರಿಕ್ ನಮ್ಮ ಹತ್ತಿಯನ್ನೂ ಮಾರಿದ್ದನೇ? (ಗದಗದಿಂದ)

ಉತ್ತರ: ಅವನ ವ್ಯಾಪಾರ ಅಮೆರಿಕದ ಹತ್ತಿಯದು. ಆದರೆ 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಲಿವರ್‌ಪೂಲಿನವರು ಇಂಡಿಯಾದ ಕಡೆ ತಿರುಗಿದರು. ಧಾರವಾಡ ಸೀಮೆಯಲ್ಲಿ ಅದಕ್ಕೂ ಮೊದಲೇ ಅಮೆರಿಕದ ಬೀಜ ಹಾಕಿ ಬೆಳೆಯುತ್ತಿದ್ದ 'ಧಾರವಾರ್ ಅಮೆರಿಕನ್' ಹತ್ತಿಗೆ ಆಗ ಒಳ್ಳೆ ಬೆಲೆ ಬಂತು. ಕಾರವಾರ ಬಂದರನ್ನು ಬೆಳೆಸಬೇಕು ಅನ್ನೋ ಮಾತು ಜೋರಾದದ್ದೂ ಆ ಹತ್ತಿ ಸಾಗಿಸಲಿಕ್ಕೇ. ಮೇಬ್ರಿಕ್‌ನ ಪೇಟೆಯಲ್ಲಿ ನಿಮ್ಮ ಸೀಮೆಯ ಹೆಸರು ಎಲ್ಲರಿಗೂ ಗೊತ್ತಿತ್ತು.

ಪ್ರಶ್ನೆ: ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ ರಾಜಕುಮಾರನೇ ಜ್ಯಾಕ್ ದಿ ರಿಪ್ಪರ್ ಅಂತ ವಾಟ್ಸಾಪ್‌ನಲ್ಲಿ ಬಂತು. ನಂಬಬಹುದೇ? (ಬೆಂಗಳೂರಿನಿಂದ)

ಉತ್ತರ: ಅರ್ಧ ನಿಜ, ಅರ್ಧ ಸುಳ್ಳು. 1889ರ ನವೆಂಬರ್ 30ರಂದು ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್. ಅವನನ್ನು ರಿಪ್ಪರ್ ಅನ್ನುವ ಕಥೆ ಹರಡಿದ್ದು 1970ರ ಸುಮಾರಿಗೆ, ಅವನು ಸತ್ತು ಎಪ್ಪತ್ತೆಂಟು ವರ್ಷದ ಮೇಲೆ. 1888ರ ಸೆಪ್ಟೆಂಬರ್ 30ರ ನಡುರಾತ್ರಿ ಕಳೆದ ಮೇಲೆ ಲಂಡನ್ನಿನಲ್ಲಿ ಇಬ್ಬರು ಹೆಂಗಸರ ಕೊಲೆಯಾಯಿತು. ರಾಜಕುಮಾರ ಆಗ ಇದ್ದದ್ದು ದೂರದ ಸ್ಕಾಟ್ಲೆಂಡಿನಲ್ಲಿ, ರಾಣಿಯ ಹತ್ತಿರ. ದಿನಚರಿಯ ದಾಖಲೆ ಇದೆ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಪ್ರಶ್ನೆ: ಒಂದು ಶಾಲಿನ ಮೇಲಿನ ಡಿಎನ್‌ಎಯಿಂದ ಕೊಲೆಗಾರ ಯಾರು ಅಂತ ಪಕ್ಕಾ ಆಗಿದೆ ಅಂತ ಇಲ್ಲಿ ಲಂಡನ್ನಿನಲ್ಲಿ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. (ಲಂಡನ್ನಿನಲ್ಲಿರುವ ಓದುಗರು)

ಉತ್ತರ: ಕ್ಯಾಥರಿನ್ ಎಡೋಸ್ ಮೈಮೇಲೆ ಇತ್ತು ಅನ್ನುವ ಶಾಲು ಅದು. 2007ರಲ್ಲಿ ಹರಾಜಿನಲ್ಲಿ ಮಾರಾಟವಾಯಿತು. ಪರೀಕ್ಷೆ ಮಾಡಿ, ಮೊದಲು ಹೇಳಿದ 1894ರ ಪೊಲೀಸ್ ಟಿಪ್ಪಣಿಯಲ್ಲಿದ್ದ ಕೊಸ್ಮಿನ್ಸ್ಕಿಯ ಕಡೆ ಬೆರಳು ತೋರಿಸಿದರು. 2019ರಲ್ಲಿ ಅದರ ಮೇಲೆ ಸಂಶೋಧನಾ ಲೇಖನವೂ ಬಂತು. ಆದರೆ ಸಿಕ್ಕಿದ್ದು ತಾಯಿಯ ಕಡೆಯಿಂದ ಬರುವ ಮೈಟೋಕಾಂಡ್ರಿಯಾದ ಡಿಎನ್‌ಎ. ಒಂದೇ ಥರದ್ದು ಸಾವಿರಾರು ಜನರಲ್ಲಿ ಇರಬಹುದು. ಇವನಲ್ಲ ಅಂತ ಹೇಳಲು ಅದು ಸಾಕು, ಇವನೇ ಅನ್ನಲು ಸಾಲದು. ಅದಕ್ಕಿಂತ ಮುಖ್ಯ, ಎಡೋಸ್ ಹತ್ತಿರ ಸಿಕ್ಕ ವಸ್ತುಗಳ ಆ ಪೊಲೀಸ್ ಪಟ್ಟಿ ಹೇಳಿದೆನಲ್ಲ, ಖಾಲಿ ಬೆಂಕಿಪೆಟ್ಟಿಗೆಯನ್ನೂ ಬಿಡದೆ ಬರೆದ ಪಟ್ಟಿ, ಅದರಲ್ಲಿ ಈ ಶಾಲು ಇಲ್ಲ.

ಪ್ರಶ್ನೆ: ಇಷ್ಟೆಲ್ಲ ಓದಿದ್ದೀರಿ. ನಿಮ್ಮ ಪ್ರಕಾರ ಕೊಲೆಗಾರ ಯಾರು? (ತುಮಕೂರಿನಿಂದ)

ಉತ್ತರ: ಹೆಸರು ಹೇಳುವಷ್ಟು ಸಾಕ್ಷಿ ಯಾರ ಮೇಲೂ ಇಲ್ಲ, ಹಾಗಾಗಿ ನಾನು ಹೇಳುವುದಿಲ್ಲ. ಸತ್ತವರ ಹೆಸರು ಹೇಳುತ್ತೇನೆ, ಈ ಸಲ ಬಂದ ಪತ್ರಗಳಲ್ಲಿ ಯಾರೂ ಅದನ್ನು ಕೇಳಿಲ್ಲ. ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರಿನ್ ಎಡೋಸ್, ಮೇರಿ ಜೇನ್ ಕೆಲಿ. ಮೊದಲ ನಾಲ್ವರೂ ನಲವತ್ತು ದಾಟಿದವರು, ಸಂಸಾರ ಮುರಿದು ಬೀದಿಗೆ ಬಂದವರು. ನಿಕೋಲ್ಸ್ ಸತ್ತ ರಾತ್ರಿ ವಸತಿಗೃಹದ ಹಾಸಿಗೆಗೆ ಕೊಡಲು ನಾಲ್ಕು ಪೆನ್ನಿ ಇಲ್ಲದೆ ಹೊರಗೆ ಹೋದಳು. ಎಂಟು ದಿನದ ಮೇಲೆ ಚಾಪ್‌ಮನ್ ಹೊರಗೆ ಹೋದದ್ದೂ ಹಾಸಿಗೆಯ ಕಾಸಿಗೇ.

ಪ್ರಶ್ನೆ: ಫ್ಲಾರೆನ್ಸ್ ಆಮೇಲೆ ಏನಾದಳು? ಮಕ್ಕಳು? (ಕುಂದಾಪುರದಿಂದ)

ಉತ್ತರ: ಹದಿನಾಲ್ಕು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿದ್ದಳು, ಮೊದಲು ವೋಕಿಂಗ್, ಆಮೇಲೆ ಏಲ್ಸ್‌ಬರಿ. 1904ರಲ್ಲಿ ಬಿಟ್ಟರು. ಅಮೆರಿಕಕ್ಕೆ ಹೋದಳು, ತನ್ನ ಕಥೆ ಬರೆದಳು, ಕೆಲವು ಕಾಲ ಊರೂರಲ್ಲಿ ಭಾಷಣ ಮಾಡಿದಳು. ಕೊನೆಗೆ ಕನೆಕ್ಟಿಕಟ್‌ನ ಹಳ್ಳಿಯೊಂದರಲ್ಲಿ ಹುಟ್ಟಿದ ಮನೆಯ ಹೆಸರು ಚಾಂಡ್ಲರ್ ಇಟ್ಟುಕೊಂಡು, ಒಂದು ಸಣ್ಣ ಮನೆಯಲ್ಲಿ ಬೆಕ್ಕುಗಳನ್ನು ಸಾಕಿಕೊಂಡು ಬದುಕಿದಳು. 1941ರ ಅಕ್ಟೋಬರ್ 23ರಂದು ತೀರಿಕೊಂಡಳು. ಮಗ ಕೆನಡಾದ ಗಣಿಯೊಂದರಲ್ಲಿ ಕೆಲಸಕ್ಕಿದ್ದ, 1911ರಲ್ಲಿ ನೀರು ಅಂದುಕೊಂಡು ಸಯನೈಡ್ ಕುಡಿದು ಸತ್ತ ಅಂತಾರೆ. ಅಪ್ಪ ಸತ್ತು ಅಮ್ಮನನ್ನು ಪೊಲೀಸರು ಕರೆದುಕೊಂಡು ಹೋದಾಗ ಅವನಿಗೆ ಏಳು ವರ್ಷ, ತಂಗಿಗೆ ಮೂರು ತುಂಬಿರಲಿಲ್ಲ. ಆಮೇಲೆ ಫ್ಲಾರೆನ್ಸ್ ಮಕ್ಕಳಿಬ್ಬರನ್ನೂ ಮತ್ತೆ ನೋಡಲೇ ಇಲ್ಲ.